ಕಲ್ಲು ದಿಬ್ಬದ ನಾತ

ಮೊದಲ ದಿನ ದೋಣಿ ಹತ್ತುವ ಮುಂಚೆಯೇ ನಾವಿಬ್ಬರೂ ಕರವಸ್ತ್ರ ಮಡಚಿ ಮೂಗಿಗೆ ಕಟ್ಟಿಕೊಂಡಿದ್ದೆವು. ನಾನು ಹುಮನಾಬಾದದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಜೊತೆಗಿದ್ದವರು ಅದೇ ಕಾಲೇಜಿನ ಭೂಗೋಳದ ಸರ್, ಬಸವಕಲ್ಯಾಣದಿಂದ ದಿನಾ ಬಸ್ಸಿಗೆ ಓಡಾಡುವವರು. ಇಬ್ಬರ ಮನೆಯಲ್ಲೂ ಒಲೆಯ ಮೇಲೆ ಮೊಟ್ಟೆ ಕೂಡ ಬೆಂದದ್ದಿಲ್ಲ. ಸಂತೆಯಲ್ಲಿ ಮೀನಿನ ಸಾಲು ಬಂತೆಂದರೆ ನನ್ನ ಸೆರಗು ತಾನೇ ಮೂಗಿಗೆ ಹೋಗುತ್ತಿತ್ತು. ಮೀನಿರುವ ಕಡೆ ನಾತ ಇದ್ದೇ ಇರುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಹುಟ್ಟುತ್ತಲೇ ತಿಳಿದಿತ್ತು.

ದೋಣಿ ನಡೆಸಲು ಮೀನುಗಾರರ ಸಂಘದಿಂದ ಒಬ್ಬ ಹೆಂಗಸು ಬಂದಿದ್ದಳು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬಹುದು. ಗಂಡ ಕಬ್ಬಿನ ಗಾಡಿಯ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಕೆರೆಯಲ್ಲಿ ಬಲೆ ಹಾಕಿ ಮನೆ ನಡೆಸುವವಳು ಇವಳೇ. ನಮ್ಮ ಮುಖ ನೋಡಿ ಹುಟ್ಟು ಕೆಳಗಿಟ್ಟಳು.

"ಏನ್ರಿ ಅಕ್ಕೋರ, ಆಪರೇಷನ್ ಮಾಡಾಕ ಬಂದ ಡಾಕ್ಟ್ರ ಹಾಂಗ ಕಾಣತೀರಿ ಇಬ್ಬರೂ. ಪೇಶಂಟ್ ಎಲ್ಲದ?"

"ನೀರಾಗ ಅದ," ಎಂದರು ಭೂಗೋಳದ ಸರ್, ಕರವಸ್ತ್ರದ ಒಳಗಿಂದಲೇ.

ಹುಮನಾಬಾದಕ್ಕೂ ಬಸವಕಲ್ಯಾಣಕ್ಕೂ ನಡುವೆ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಆ ಕೆರೆ. ಹಳ್ಳಕ್ಕೆ ಒಡ್ಡು ಕಟ್ಟಿದಾಗ ತಗ್ಗಿನ ಹೊಲಗಳೆಲ್ಲ ಮುಳುಗಿ ಮೂರು ದಿಬ್ಬ ಉಳಿದುಕೊಂಡವು. ಒಂದರ ಮೇಲೆ ಹಳೆಯ ಗುಡಿಯ ಕಟ್ಟೆ ಇದೆ, ಅದು ಗುಡಿ ದಿಬ್ಬ. ಇನ್ನೊಂದರ ಮೇಲೆ ಹುಣಸೆ ಮರ, ಸುತ್ತ ಜೇಕು ಹುಲ್ಲು ಬೆಳೆದ ಆಳವಿಲ್ಲದ ನೀರು. ಅದು ಹುಣಸೆ ದಿಬ್ಬ. ಮೂರನೆಯದು ಬರೀ ಕೆಂಪು ಬಂಡೆ, ಕಲ್ಲು ದಿಬ್ಬ. ಈ ಮೂರರ ಸುತ್ತ ಯಾವ ಮೀನು ಎಲ್ಲಿ ವಾಸಿಸುತ್ತದೆ ಎಂದು ನಕ್ಷೆ ಮಾಡುವುದು ನಮ್ಮ ಕೆಲಸ. ನಕ್ಷೆ ನೋಡಿ ಮೀನುಗಾರಿಕೆ ಇಲಾಖೆಯವರು ಒಂದು ದಿಬ್ಬದ ಸುತ್ತಲಿನ ನೀರನ್ನು ಮರಿ ಬೆಳೆಯುವ ಜಾಗವೆಂದು ಬಿಟ್ಟು, ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ಯಾರೂ ಬಲೆ ಹಾಕಬಾರದೆಂದು ನಿಲ್ಲಿಸುವವರಿದ್ದರು. ಸಂಘವೂ ಒಪ್ಪಿತ್ತು. ಹಾಗಾಗಿ ನಾವು ಎಲ್ಲಿ ಗಾಢ ಬಣ್ಣ ಬಳಿಯುತ್ತೇವೆಯೋ ಅಲ್ಲಿ ಯಾರದೋ ಬಲೆ ಮೇಲೇಳಬೇಕಿತ್ತು.

ಈ ಕೆಲಸದ ತರಬೇತಿಗೆ ನಾನು ಸಮುದ್ರದ ಊರಿಗೆ ಹೋಗಿ ಬಂದಿದ್ದೆ. ಅಲ್ಲಿ ದ್ವೀಪಗಳ ಸುತ್ತ ಮೀನಿನ ನಕ್ಷೆ ಮಾಡುವುದು ಹೇಗೆಂದು ಪರದೆಯ ಮೇಲೆ ತೋರಿಸಿದ್ದರು. ಗಾಜಿನಂಥ ನೀಲಿ ನೀರು, ಹವಳದ ಬಂಡೆ. ಮುಳುಗುವವನು ಅಳತೆಯ ಪಟ್ಟಿ ಹಾಸಿಕೊಂಡು ಅದರ ಗುಂಟ ಈಜುತ್ತಾನೆ, ಎಡಕ್ಕೆ ಬಲಕ್ಕೆ ಕಂಡ ಮೀನನ್ನು ಎಣಿಸುತ್ತಾನೆ, ಅಷ್ಟೇ. ನಮ್ಮ ಕೆರೆಯ ನೀರು ಹೋಟೆಲಿನ ಎರಡನೇ ಸಲದ ಚಹಾದ ಬಣ್ಣ. ಮೊಣಕೈವರೆಗೆ ಕೈ ಇಳಿಸಿದರೆ ಸ್ವಂತ ಬೆರಳು ಕಾಣುವುದಿಲ್ಲ. ಅದಕ್ಕೆ ದ್ವೀಪದ ಪದ್ಧತಿಯನ್ನು ನಮ್ಮ ದಿಬ್ಬಕ್ಕೆ ಹೊಂದಿಸಿಕೊಂಡೆ. ಪ್ರತಿ ದಿಬ್ಬದ ಸುತ್ತ ಬಳೆಯಂತೆ ಮೂರು ವೃತ್ತ: ಜೇಕಿನ ಅಂಚಿನಲ್ಲಿ ಒಂದು, ನಡುವೆ ಒಂದು, ಆಳದಲ್ಲಿ ಒಂದು. ಪ್ರತಿ ಬಳೆಯಲ್ಲೂ ಗೊತ್ತಾದ ಕಡೆ ದೋಣಿ ನಿಲ್ಲಿಸಿ ಕಲ್ಲು ಕಟ್ಟಿದ ಹಗ್ಗದಿಂದ ಆಳ ಅಳೆಯುವುದು. ಆಮೇಲೆ ಭೂಗೋಳದ ಸರ್ ಮೀನು ತೋರಿಸುವ ಯಂತ್ರವನ್ನು ಬಿದಿರಿನ ತುದಿಗೆ ಕಟ್ಟಿ ನೀರಲ್ಲಿ ಹಿಡಿಯುವರು. ಅದು ಕೆಳಕ್ಕೆ ಸದ್ದು ಕಳಿಸಿ, ಮೀನಿಗೆ ತಾಗಿ ಮರಳಿದ್ದನ್ನು ಕಿರುಪರದೆಯ ಮೇಲೆ ಬಿಲ್ಲಿನಂಥ ಗೆರೆಯಾಗಿ ತೋರಿಸುತ್ತದೆ. ಎಷ್ಟು ಮೀನು ಎಂದು ಹೇಳುತ್ತದೆ. ಯಾವ ಮೀನು ಎಂದು ಹೇಳುವುದಿಲ್ಲ. ಅದಕ್ಕೆ ಬಲೆಯೇ ಬೇಕು. ಬೇರೆ ಬೇರೆ ಕಣ್ಣಿನ ಬಲೆಯ ತುಂಡುಗಳನ್ನು ಒಂದಕ್ಕೊಂದು ಹೊಲಿದು ಉದ್ದದ ಬಲೆ ಮಾಡಿಸಿದ್ದೆ, ಮರಿಯೂ ಸಿಗಲಿ ದೊಡ್ಡದೂ ಸಿಗಲಿ ಎಂದು. ಸಂಜೆ ಹಾಕುವುದು, ಬೆಳಕು ಹರಿಯುತ್ತಲೇ ಎತ್ತುವುದು.

ನೀರಿನ ಉಸಿರು ನೋಡುವ ಕೆಲಸ ನನ್ನದು. ಗಾಜಿನ ಸೀಸೆಯನ್ನು ನೀರೊಳಗೇ ತುಂಬಿ, ಗಾಳಿಯ ಗುಳ್ಳೆ ಸೇರದಂತೆ ಬಿರಡೆ ಹಾಕಿ, ಆಮೇಲೆ ಎರಡು ದ್ರಾವಣದ ಹನಿ ತಳಕ್ಕೆ ಬಿಡಬೇಕು. ಆಮ್ಲಜನಕ ಇದ್ದರೆ ಕಂದು ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಬಿಳಿ ಗಸಿ, ಸುಣ್ಣದ ನೀರಿನ ಹಾಗೆ. ಮುಂದಿನ ಲೆಕ್ಕಕ್ಕೆ ಪ್ರಯೋಗಶಾಲೆ ಬೇಕು. ಆದರೆ ಇದೆಯೋ ಇಲ್ಲವೋ ಎಂಬುದು ಅಲ್ಲೇ, ದೋಣಿಯಲ್ಲೇ ಕಣ್ಣಿಗೆ ಕಾಣುತ್ತದೆ.

ಶಿವರಾತ್ರಿ ಕಳೆದು ಬಿಸಿಲು ಏರುವ ದಿನಗಳವು. ಮೊದಲ ವಾರಗಳಲ್ಲಿ ಏನು ಕೆಡಬಹುದೋ ಅದೆಲ್ಲ ಕೆಟ್ಟಿತು. ಹುಣಸೆ ದಿಬ್ಬದಲ್ಲಿ ಬಲೆ ಜೇಕಿಗೆ ಸುತ್ತಿಕೊಂಡು ಬೆರಳುದ್ದದ ಮರಿಗಳು ಕಣ್ಣುಕಣ್ಣಿಗೂ ಸಿಕ್ಕಿಬಿದ್ದವು; ಬಿಡಿಸಿ ಬಿಡಿಸಿ ಉಗುರು ಸೀಳಿದವು. ರೋಹು, ಕಾಟ್ಲಾ, ಜಿಲೇಬಿ, ಹಾವಿನ ತಲೆಯಂಥ ತಲೆಯ ಮರಲ್, ಎಲ್ಲದರ ಮರಿ ಅಲ್ಲಿದ್ದವು. ಸರ್ ಒಮ್ಮೆ ಯಂತ್ರದ ಬ್ಯಾಟರಿಯನ್ನು ನೀರಿಗೆ ಬೀಳಿಸಿದರು. ದೋಣಿಯಾಕೆ ಅವರ ಬಿದಿರಿಗೆ ಕಂದೀಲೆಂದೇ ಹೆಸರಿಟ್ಟಿದ್ದಳು. "ಸರ್ ಅವರ ಕಂದೀಲು ಆರಿಹೋತ್ರಿ, ಇನ್ನ ಮೀನಿಗೆ ದಾರಿ ಕಾಣಂಗಿಲ್ಲ" ಎಂದು ದಂಡೆಯವರೆಗೂ ನಕ್ಕಳು.

ಕಲ್ಲು ದಿಬ್ಬದ ಕತೆ ಬೇರೆ. ಅಲ್ಲಿ ಬಲೆ ಹಾಕಬೇಡಿ ಎಂದು ಸಂಘದ ಅಧ್ಯಕ್ಷರು ಮೊದಲೇ ಹೇಳಿದ್ದರು. ಮೈತುಂಬ ಬಿಳಿ ಬಟ್ಟೆ, ಮಾತಿನ ತುಂಬ ಮರ್ಯಾದೆ. ಅವರದೇ ದೋಣಿ, ಅವರದೇ ಜನ. "ಕಲ್ಲ ಭಾಳ ಚೂಪ್ ಅವ ನೋಡ್ರಿ ಅಲ್ಲಿ. ನಿಮ್ಮ ಜಾಲ ಪೂರಾ ಹರದು ಚಿಂದಿ ಆಗ್ತದ. ದೂರಿಂದ ಮಶಿನ್‌ಲೇ ನೋಡ್ಕೋರಿ, ಸಾಕು." ನಾವು ಹಾಗೇ ಮಾಡಿದೆವು. ಹೊರಗಿನ ಬಳೆಯಲ್ಲಿ ನಿಂತು ಯಂತ್ರ ಇಳಿಸಿದರೆ ಪರದೆಯ ತುಂಬ ಬಿಲ್ಲುಗಳು, ಒಂದರ ಮೇಲೊಂದು. ಸರ್‌ಗೆ ಹಿಗ್ಗೋ ಹಿಗ್ಗು. ನಾತವೂ ಅಷ್ಟೇ ಇತ್ತು. ಕರವಸ್ತ್ರ ಎರಡು ಮಡಿಕೆ ಮಾಡಿದರೂ ಗಂಟಲಿಗೆ ಇಳಿಯುತ್ತಿತ್ತು, ಬಾಯಲ್ಲಿ ತುಕ್ಕು ಹಿಡಿದ ಚಮಚ ಇಟ್ಟ ಹಾಗೆ. "ಇಷ್ಟ ಮೀನ ಇದ್ದಮ್ಯಾಲ ಇಷ್ಟ ನಾತ ಬರೋದ ಸೈ ಬಿಡ್ರಿ ಮೇಡಂ" ಎಂದರು ಸರ್. ನನಗೂ ಸರಿಯೆನಿಸಿತು. ಆ ದಿನ ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಪುಂಡಿ ಪಲ್ಯವನ್ನು ಬಿಚ್ಚದೆ ಮನೆಗೆ ತಂದೆ.

ನೀರಿನ ಸೀಸೆ ಮಾತ್ರ ಒಪ್ಪಲಿಲ್ಲ. ಕಲ್ಲು ದಿಬ್ಬದ ನೀರಿಗೆ ಹನಿ ಬಿಟ್ಟರೆ ಬಿಳಿ ಗಸಿ. ದ್ರಾವಣ ಕೆಟ್ಟಿರಬೇಕೆಂದು ಹೊಸದಾಗಿ ಮಾಡಿಕೊಂಡೆ. ಆಗಲೂ ಬಿಳಿ. ಮನೆಗೆ ಬಂದು ನಲ್ಲಿಯ ನೀರಿಗೆ ಅದೇ ಹನಿ ಹಾಕಿದೆ. ಕಂದು ಗಸಿ ಚೆನ್ನಾಗಿ ಇಳಿಯಿತು. ಉಸಿರಿಲ್ಲದ ನೀರಲ್ಲಿ ಅಷ್ಟೊಂದು ಮೀನು ಹೇಗೆ ಬದುಕುತ್ತವೆ?

ಹಿತ್ತಲ ನಲ್ಲಿಯ ಹತ್ತಿರ ನಿಂತು ಇದನ್ನೇ ಯೋಚಿಸುತ್ತಿದ್ದಾಗ ಅತ್ತೆ ಒಳಗಿನಿಂದ ಕೂಗಿದರು. ಕೆರೆಯಿಂದ ಬಂದ ದಿನ ನಾನು ಹಿತ್ತಲಲ್ಲೇ ಕಡಲೆಹಿಟ್ಟು ಹಚ್ಚಿ ಮೈ ತೊಳೆದು, ಸೀರೆ ಬದಲಿಸಿ ಒಳಗೆ ಬರಬೇಕು. ಅದು ನಮ್ಮಿಬ್ಬರ ಒಪ್ಪಂದ.

"ಇವತ್ತ ಯಾವ ನಾತ ತಂದಿ ನೀ? ದಿನಾ ತರೂದಲ್ಲ ಇದು."

"ಅದ ಮೀನಿಂದ ಅತ್ತಿ. ಇವತ್ತ ಜರಾ ಜಾಸ್ತಿ ಅದ."

"ಮೀನಿಂದಂತ. ನಿನ್ನಿ ಬಂದಿದ್ದಿ, ನಾತ ಇರಲಿಲ್ಲ. ಇವತ್ತ ಸತ್ತ ಹೆಗ್ಗಣ ಸೆರಗಿಗೆ ಕಟ್ಟಿಕೊಂಡ ಬಂದಾಂಗ ಅದ."

ಅತ್ತೆಗೆ ವಯಸ್ಸಾಗಿದೆ, ಮೂಗು ಸಿಟ್ಟು ಎರಡೂ ಚುರುಕು, ಎಂದುಕೊಂಡು ಇನ್ನೊಂದು ಸಲ ಹಿಟ್ಟು ಹಚ್ಚಿಕೊಂಡೆ.

ಅಷ್ಟರಲ್ಲಿ ಸರ್ ಕಂಪ್ಯೂಟರಿನಲ್ಲಿ ನಕ್ಷೆಯ ಮೊದಲ ರೂಪ ಮಾಡಿಬಿಟ್ಟಿದ್ದರು. ಗುಡಿ ದಿಬ್ಬದ ಸುತ್ತ ತಿಳಿನೀಲಿ, ಹುಣಸೆ ದಿಬ್ಬದ ಸುತ್ತ ಸ್ವಲ್ಪ ಗಾಢ, ಕಲ್ಲು ದಿಬ್ಬದ ಸುತ್ತ ಮಸಿಯಂಥ ಕಡುನೀಲಿ. ಅಧ್ಯಕ್ಷರಿಗೆ ತೋರಿಸಿದ್ದಕ್ಕೆ ಅವರು ಬಹಳ ಖುಷಿಪಟ್ಟರಂತೆ. "ಕಲ್ಲ ದಿಬ್ಬಾನೇ ಬಂದ್ ಮಾಡಸ್ರಿ, ಬರೋಬ್ಬರಿ ಅದ" ಎಂದರಂತೆ. ನೀರಿನ ವಿಷಯ ಬಗೆಹರಿಯುವವರೆಗೆ ತಡೆಯಿರಿ ಎಂದೆ. ತಿಂಗಳ ಕೊನೆಗೆ ಇಲಾಖೆಯವರು ಕೆರೆಗೇ ಬಂದು ಸಭೆ ಮಾಡುವವರಿದ್ದಾರೆ, ತಡೆಯಲು ಆಗುವುದಿಲ್ಲ ಎಂದರು ಸರ್.

ಮಾರನೆಯ ಬೆಳಿಗ್ಗೆ ಸರ್ ಇಲ್ಲದೆ ನಾನೊಬ್ಬಳೇ ದೋಣಿಯಾಕೆಯ ಜೊತೆ ಹೋಗಿದ್ದೆ. ಹುಣಸೆ ದಿಬ್ಬದಲ್ಲಿ ಬಲೆ ಎತ್ತಿ, ಮರಿಗಳನ್ನು ಬಿಡಿಸಿ ನೀರಿಗೆ ಬಿಟ್ಟು, ಮರದ ನೆರಳಲ್ಲಿ ಕುಳಿತೆವು. ಆಕೆ ತನ್ನ ಡಬ್ಬಿ ಬಿಚ್ಚಿದಳು. ರೊಟ್ಟಿ, ಹುರಿದ ಮೀನು. ನಾನು ಒಂದಿಷ್ಟು ದೂರ ಸರಿದು ಕುಳಿತು ಶೇಂಗಾ ಹಿಂಡಿಯ ಪೊಟ್ಟಣ ತೆಗೆದೆ. ಕರವಸ್ತ್ರ ಮೂಗಿನ ಮೇಲೇ ಇತ್ತು. ತಿನ್ನಲು ಅದನ್ನು ಗಲ್ಲಕ್ಕೆ ಇಳಿಸುವುದು, ತುತ್ತು ಹಾಕಿಕೊಂಡು ಮತ್ತೆ ಏರಿಸುವುದು. ಆಕೆ ನೋಡುವವರೆಗೆ ನೋಡಿದಳು.

"ಅಕ್ಕೋರ, ಒಂದ್ ಮಾತ ಕೇಳ್ಲ್ಯಾ? ಸಿಟ್ಟ ಮಾಡಬ್ಯಾಡ್ರಿ. ಇಲ್ಲಿ ಯಾಕ್ರಿ ಮೂಗು ಕಟ್ಟಿ ಕುಂತೀರಿ?"

"ನಾತ, ಯವ್ವಾ. ನಿಮಗ ರೂಢಿ ಅದ. ನಮಗಿಲ್ಲ."

"ಎಲ್ಲದರಿ ನಾತ? ತಗದ ನೋಡ್ರಿ ಒಮ್ಮಿ."

ತೆಗೆದೆ. ಒದ್ದೆ ಮಣ್ಣು, ಜೇಕು, ಬಿಸಿಲಿಗೆ ಕಾದ ಹುಣಸೆ ಎಲೆ. ಅಷ್ಟೇ. ಆಕೆ ಎದ್ದು ಬುಟ್ಟಿಯಿಂದ ಇನ್ನೂ ಮಿಸುಕುತ್ತಿದ್ದ ರೋಹು ತಂದು ನನ್ನ ಮೂಗಿನ ಹತ್ತಿರ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಹಸಿ ಸೌತೆಕಾಯಿ ಸೀಳಿದಾಗ ಬರುತ್ತದಲ್ಲ, ಅದಕ್ಕೆ ಹತ್ತಿರದ ತಣ್ಣನೆಯ ವಾಸನೆ.

ಇಷ್ಟು ವರ್ಷ ಸ್ಪಿರಿಟ್ಟಿನಲ್ಲಿಟ್ಟ ಮೀನು ತೋರಿಸಿ ಪಾಠ ಮಾಡಿದ್ದೇನೆ. ಸಂತೆಯ ಮೀನಿನ ಪಕ್ಕ ಉಸಿರು ಬಿಗಿಹಿಡಿದು ಹಾದಿದ್ದೇನೆ. ಜೀವಂತ ಮೀನನ್ನು ಮೂಸಿರಲಿಲ್ಲ.

"ಹಾಂಗಾರ ಅಲ್ಲಿ, ಕಲ್ಲ ದಿಬ್ಬದಾಗ ಬರೋದು ಏನದು?"

ಆಕೆ ಮೀನನ್ನು ಬುಟ್ಟಿಗೆ ಹಾಕಿ ಕೈ ತೊಳೆಯಲು ಹೋದಳು. ಬಹಳ ಹೊತ್ತು ತೊಳೆದಳು.

"ನೀವು ಮೊದಲ ದಿನದಿಂದಾನೇ ಮೂಗು ಕಟ್ಟಿ ಬಂದ್ರಿ. ಗುಡಿ ದಿಬ್ಬದಾಗೂ ಕಟ್ಟೀರಿ, ಇಲ್ಲೂ ಕಟ್ಟೀರಿ. ನಾ ತಿಳ್ಕೊಂಡೆ, ಇವರಿಗೆ ನಾವೂ ನಾರತೀವಿ, ಕೆರೀನೂ ನಾರತದ, ಎಲ್ಲಾ ಒಂದ ಅಂತ. ನಾ ಯಾಕ ಹೇಳ್ಲ್ರಿ?"

ನಾವಿನ್ನೂ ನೋಡದಿದ್ದ ಕಲ್ಲು ದಿಬ್ಬದ ಹಿಂದುಗಡೆಗೆ ದೋಣಿ ಒಯ್ಯುತ್ತೀಯಾ ಎಂದು ಕೇಳಿದೆ. ಅವಳು ಹುಣಸೆ ಮರದ ಕಡೆ ನೋಡಿದಳು.

"ಅಕ್ಕೋರ, ಈ ದಿಬ್ಬದ ನೀರು ನನ್ನ ಪಾಲಿಂದು. ಸಂಘದೊಳಗ ಯಾರ ಜಾಲ ಎಲ್ಲಿ ಅಂತ ಅಧ್ಯಕ್ಷರೇ ಹಂಚಿ ಕೊಡ್ತಾರ. ಕಲ್ಲ ದಿಬ್ಬ ಬಂದ್ ಆದ್ರ ನನ್ನ ಜಾಗಾ ಉಳೀತದ. ನೀವು ಹಿಂದ ಹೋಗಿ ನೋಡಿದ್ರ ಕಲ್ಲ ದಿಬ್ಬ ಬಂದ್ ಮಾಡಂಗಿಲ್ಲ. ಆಮ್ಯಾಲ ಯಾವ್ದ ಬಂದ್ ಮಾಡ್ತೀರಿ? ಮರಿ ಎಲ್ಲವ ಅಂತ ನೀವೂ ನೋಡೀರಿ, ನಾನೂ ನೋಡೇನಿ."

ಅವಳು ಹೇಳಿದ್ದು ನಿಜ. ಮರಿ ಇದ್ದದ್ದು ಅವಳ ಬಲೆಯ ಜಾಗದಲ್ಲಿ. ನಾನು ಒತ್ತಾಯ ಮಾಡಲಿಲ್ಲ. ಡಬ್ಬಿ ಕಟ್ಟಿ ದೋಣಿ ಹತ್ತಿದೆವು. ದಂಡೆಯ ಕಡೆಗೆ ಅರ್ಧ ದಾರಿ ಬಂದ ಮೇಲೆ ಅವಳು ಒಂದೇ ಕಡೆ ಹುಟ್ಟು ಹಾಕತೊಡಗಿದಳು, ದೋಣಿ ಕಲ್ಲು ದಿಬ್ಬದ ಕಡೆ ತಿರುಗಿತು.

"ನೀವು ನೋಡ್ರಿ. ನಾ ಬೆನ್ನ ಹಾಕಿ ಕುಂಡ್ರತೇನಿ. ನಾ ನೋಡಿಲ್ಲ."

ಬೇಸಿಗೆಯಲ್ಲಿ ನೀರು ಇಳಿದು ಕಲ್ಲು ದಿಬ್ಬಕ್ಕೂ ಆಚೆ ದಂಡೆಗೂ ನಡುವೆ ನೆಲ ತೆರೆದುಕೊಂಡಿತ್ತು. ಅದರ ಮೇಲೆ ಟೆಂಪೋದ ಗಾಲಿಯ ಜಾಡು. ಜಾಡು ಮುಗಿಯುವಲ್ಲಿ ಬಂಡೆಗಳ ನಡುವೆ ನೀರಿಗೆ ಬೇಲಿಯಂತೆ ಬಲೆ ಬಿಗಿದಿತ್ತು. ಬೇಲಿಯ ಒಳಗೆ ನೀರು ಇರಲಿಲ್ಲ, ಅಂದರೆ ಕಾಣಲಿಲ್ಲ. ಗೊಬ್ಬರದ ಹಳೆಯ ಚೀಲಗಳು ಬಾಯಿ ಬಿಟ್ಟು ಬಿದ್ದಿದ್ದವು. ಕೋಳಿಯ ಕರುಳು, ಪುಕ್ಕ, ಹಳದಿ ಕಾಲು, ಕಣ್ಣು ಮುಚ್ಚಿದ ತಲೆಗಳು, ಬಿಸಿಲಿಗೆ ಉಬ್ಬಿ ಒಂದಕ್ಕೊಂದು ಅಂಟಿಕೊಂಡು ಅಲೆಯ ಜೊತೆ ಏರಿ ಇಳಿಯುತ್ತಿದ್ದವು. ಅಂಚಿನ ನೊರೆಯಲ್ಲಿ ಬಿಳಿ ಹುಳುಗಳು ಅನ್ನ ಕುದಿಯುವ ಹಾಗೆ ಕುದಿಯುತ್ತಿದ್ದವು. ನೊಣಗಳು ನಮ್ಮ ಮುಖಕ್ಕೂ ಅದಕ್ಕೂ ಭೇದ ಮಾಡಲಿಲ್ಲ. ಹುಟ್ಟಿನ ಸದ್ದಿಗೆ ಕೆಳಗಿನಿಂದ ಮೀಸೆಯುಳ್ಳ ಕಪ್ಪು ಮೂತಿಗಳು ಎದ್ದವು, ನೂರಾರು. ಬಾಯಿ ತೆರೆದು ಗಾಳಿ ನುಂಗಿ ಮುಳುಗಿದವು. ತಿನ್ನಲು ಬಂದವರೆಂದುಕೊಳ್ಳಲಿಲ್ಲ ನಮ್ಮನ್ನು, ತಿನಿಸಲು ಬಂದವರೆಂದುಕೊಂಡವು.

ಮಾಂಗೂರ. ಸಾಕಬಾರದೆಂದು ನಿಷೇಧ ಮಾಡಿರುವ ಹೊರದೇಶದ ಮೀಸೆ ಮೀನು. ನೀರಿನ ಉಸಿರು ಸತ್ತರೂ ಅದು ಸಾಯುವುದಿಲ್ಲ, ಮೇಲೆ ಬಂದು ಗಾಳಿಯನ್ನೇ ಕುಡಿಯುತ್ತದೆ. ಬೇಲಿ ಹಾರಿ ಕೆರೆಗೆ ಬಿದ್ದದ್ದು ಉಳಿದ ಮೀನಿನ ಮರಿಯನ್ನು ತಿಂದು ಮುಗಿಸುತ್ತದೆ. ನಮ್ಮ ನಕ್ಷೆಯ ಕಡುನೀಲಿ ಇದು. ನಾವು ರಕ್ಷಿಸಬೇಕೆಂದು ಹೊರಟಿದ್ದು ಇದನ್ನು. ಆ ಜಾಗಕ್ಕೆ ಯಾರೂ ದೋಣಿ ಒಯ್ಯಬಾರದೆಂದು ನಾವೇ ಬೋರ್ಡು ಹಾಕಿಸುವವರಿದ್ದೆವು. ದೋಣಿಯ ಅಂಚಿಗೆ ಬಾಗಿ, ಆ ನೀರಿಗೆ ಇನ್ನಷ್ಟು ಗಲೀಜು ಸೇರಿಸಬಾರದೆಂದು ಬಾಯಿ ಒತ್ತಿ ಹಿಡಿದೆ.

ಸಣ್ಣ ಬಲೆ ಬೀಸಿ ಬೇಲಿಯ ಹೊರಗೆ ಸಿಕ್ಕ ಎರಡು ಮಾಂಗೂರಗಳನ್ನು ಬಕೀಟಿಗೆ ಹಾಕಿಕೊಂಡೆ. ದಂಡೆಗೆ ಬಂದಾಗ ಅಧ್ಯಕ್ಷರು ಮೋಟಾರು ಸೈಕಲ್ಲಿನ ಮೇಲೆ ಒಂದು ಕಾಲು ನೆಲಕ್ಕೂರಿ ಕುಳಿತಿದ್ದರು. ಬಕೀಟಿನೊಳಗೆ ಇಣುಕಿ ನಕ್ಕರು.

"ಊರಿನ ಕೋಳಿ ಅಂಗಡಿ ಗಲೀಜು ಊರ ಹೊರಗ ಹೋಗ್ತದ್ರಿ ಅಕ್ಕೋರ. ಹುಮನಾಬಾದ ಸಾಫ್, ಕಲ್ಯಾಣ ಸಾಫ್. ಮೀನೂ ತಿಂದು ಸುಖವಾಗ್ಯಾವ. ಯಾರಿಗೆ ಲುಕ್ಸಾನ್ ಆಗ್ಯಾದ ಹೇಳ್ರಿ."

"ಕೆರಿಗೆ."

"ಕೆರಿ ಬಂದು ಹೇಳ್ತದೇನ್ರಿ? ಮ್ಯಾಲಾಗಿ ನೀವು ತಿನ್ನೋರಲ್ಲ. ನಿಮಗ್ಯಾಕ್ರಿ ಇದರ ಫಿಕರ್?" ಆಮೇಲೆ ದೋಣಿಯಾಕೆಯ ಕಡೆ ತಿರುಗಿ ಮೆತ್ತಗೆ ಕೇಳಿದರು. "ಏನವ್ವಾ, ಹುಣಸಿ ದಿಬ್ಬ ಬ್ಯಾಸರ ಬಂತೇನು?"

ಅವಳು ದೋಣಿಯ ಹಗ್ಗ ಬಿಗಿಯುತ್ತಲೇ ಇದ್ದಳು.

ಕಾಲೇಜಿನ ಮೇಜಿನ ಮೇಲೆ ಆ ಎರಡು ಮೀನುಗಳ ಹೊಟ್ಟೆ ಸೀಳಿದೆ. ಭೂಗೋಳದ ಸರ್ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ಕರುಳಿನೊಳಗೆ ಕರುಳು, ಪುಕ್ಕದ ಬುಡಗಳು, ಕೋಳಿ ಕಾಲಿನ ಚರ್ಮ, ಚೀಲದ ದಾರ. ಎರಡನೆಯದರ ಹೊಟ್ಟೆಯಲ್ಲಿ ಅದರ ಜೊತೆಗೆ ರೋಹು ಮರಿಗಳು, ಇನ್ನೂ ಬೆಳ್ಳಗೆ, ಹುಣಸೆ ದಿಬ್ಬದಲ್ಲಿ ನಾನು ಒಂದೊಂದಾಗಿ ಬಿಡಿಸಿ ಬಿಟ್ಟಂಥವು. ಅದನ್ನು ಕಂಡಾಗಲೇ ನನಗೆ ನಿಜವಾದ ಹೇಸಿಗೆ ಬಂದದ್ದು. ಮೀನಿನ ಮೇಲಲ್ಲ, ಹಾಕಿದ್ದನ್ನು ತಿಂದಿದೆ ಅದು.

"ಮೇಡಂ, ಎಲ್ಲಿ ಮೀನದ ಅಂತ ಕೇಳ್ಯಾರ ನಮಗ," ಎಂದರು ಸರ್. "ಏನ್ ತಿಂತದ, ಯಾರ ತಿನಸ್ತಾರ, ಅದು ನಮ್ಮ ಕೆಲಸದಾಗ ಇಲ್ಲ. ಮಶಿನ್ ಸುಳ್ಳ ಹೇಳಿಲ್ಲ. ಮೀನ ಖರೇ ಅವ ಅಲ್ಲಿ. ನಕ್ಷೆ ಕೊಟ್ಟು ಕೈ ತೊಳಕೊಂಡ ಬಿಡೂಣು."

ಅವರ ಮಾತಿನಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಅದನ್ನು ನುಂಗಲು ಕಷ್ಟವಾಯಿತು.

"ಸರ್, ಈ ನೀರಾಗ ಕೈ ತೊಳದ್ರ ಕೈ ಸ್ವಚ್ಛ ಆಗ್ತಾವೇನ್ರಿ?" ಎಂದಷ್ಟೇ ಕೇಳಿದೆ. ಅವರು ಬಾಗಿಲಿನಿಂದ ಹೋದರು.

ಭಾನುವಾರ ಇಡೀ ರೊಟ್ಟಿ ತಟ್ಟುತ್ತ ಯೋಚಿಸಿದೆ. ಚೀಲ, ಟೆಂಪೋ, ಬೇಲಿ ಎಂದು ಸಭೆಯಲ್ಲಿ ಬಾಯಿ ಬಿಟ್ಟರೆ ನನ್ನನ್ನು ಅಲ್ಲಿಗೆ ಒಯ್ದವರು ಯಾರೆಂಬ ಮಾತು ಬರುತ್ತದೆ. ನನಗೆ ಸಂಬಳದ ಕೆಲಸವಿದೆ, ಬಸ್ ಹತ್ತಿ ಮನೆಗೆ ಬಂದುಬಿಡುತ್ತೇನೆ. ಅವಳ ಬಲೆ ಕೆರೆಯಲ್ಲೇ ಇರಬೇಕು. ಕೊನೆಗೆ ಮನುಷ್ಯರ ಬಾಯಿಂದ ಏನನ್ನೂ ಹೇಳಿಸುವುದು ಬೇಡ, ನೀರೇ ಹೇಳಲಿ ಎಂದು ನಿಶ್ಚಯಿಸಿದೆ. ಅತ್ತೆ ರೊಟ್ಟಿ ಸೀದು ಕಪ್ಪಾಗಿದ್ದನ್ನು ನೋಡಿ, "ಇವತ್ತ ರೊಟ್ಟಿ ಮ್ಯಾಲ ಯಾರ ಸಿಟ್ಟ ತಗಿಯಾಕತ್ತಿ?" ಎಂದರು.

ಸಭೆ ದಂಡೆಯ ಬೇವಿನ ಮರದ ಕೆಳಗೆ. ಇಲಾಖೆಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಸಂಘದ ಗಂಡಸರು ಕುರ್ಚಿಯಲ್ಲಿ, ಹೆಂಗಸರು ಬುಟ್ಟಿಗಳ ಮೇಲೆ. ಅಧ್ಯಕ್ಷರೇ ಎಲ್ಲರಿಗೂ ಚಹಾ ಕೊಡಿಸಿದರು. ಸರ್ ನಕ್ಷೆಯ ದೊಡ್ಡ ಪ್ರತಿಯನ್ನು ಮರಕ್ಕೆ ತೂಗುಹಾಕಿದ್ದರು. ಕಡುನೀಲಿ ಅಲ್ಲಿಯೇ ಇತ್ತು. ನನ್ನ ಮುಖ ನೋಡಲಿಲ್ಲ ಅವರು.

ನಾನು ಎದ್ದು, ಬಣ್ಣ ಒಪ್ಪುವ ಮೊದಲು ನೀರು ನೋಡೋಣ ಎಂದೆ. ಮೂರು ಸೀಸೆ ಕೊಟ್ಟು, ಸಂಘದ ಇಬ್ಬರು ಗಂಡಸರನ್ನು ಅಧಿಕಾರಿಯ ಜೊತೆ ದೋಣಿಯಲ್ಲಿ ಕಳಿಸಿದೆ. ಬಿರಡೆ ಹಾಕುವುದನ್ನು ಮೊದಲೇ ಹೇಳಿಕೊಟ್ಟೆ. ನಾನು ಹೋಗಲಿಲ್ಲ, ದೋಣಿಯಾಕೆಯನ್ನೂ ಕಳಿಸಲಿಲ್ಲ. ಕಲ್ಲು ದಿಬ್ಬದಿಂದ ಮರಳುವಾಗ ಅಧಿಕಾರಿಯ ಕರವಸ್ತ್ರ ಮೂಗಿನ ಮೇಲಿತ್ತು.

ಸೀಸೆಗಳನ್ನು ಕುರ್ಚಿಯ ಮೇಲೆ ಸಾಲಾಗಿ ಇಟ್ಟು ಹನಿ ಬಿಟ್ಟೆ. ಗುಡಿ ದಿಬ್ಬದ್ದು ಕಂದಾಯಿತು. ಹುಣಸೆ ದಿಬ್ಬದ್ದು ಇನ್ನೂ ಕಡುಗಂದು. ಕಲ್ಲು ದಿಬ್ಬದ್ದು ಬಿಳಿ ಮೋಡದಂತೆ ಇಳಿದು ಹಾಗೇ ಉಳಿಯಿತು.

"ಕಂದು ಆದದ್ದರಾಗ ಉಸಿರು ಅದ," ಎಂದೆ. "ಬಿಳಿ ಆದದ್ದು ಸತ್ತ ನೀರು. ಅದರಾಗ ಮರಿ ಬೆಳಿಯಂಗಿಲ್ಲ."

ಅಧ್ಯಕ್ಷರು ನಗುತ್ತಲೇ ಇದ್ದರು. "ಔಷಧ ನಿಮ್ಮ ಕೈಯಾಗ ಅದ. ಬ್ಯಾಡಾದದ್ದಕ್ಕ ಬಿಳಿ ಹಾಕ್ತೀರಿ."

"ನಿಮ್ಮ ಕುಡಿಯೋ ನೀರ ಕೊಡ್ರಿ ಸಾವಕಾರ್ರ."

ಅವರ ಬಾಟಲಿಯ ನೀರನ್ನು ನಾಲ್ಕನೆಯ ಸೀಸೆಗೆ ಅಂಚಿನವರೆಗೆ ತುಂಬಿಸಿ, ಹನಿಯ ಕೊಳವೆಯನ್ನು ಅವರ ಕೈಗೇ ಕೊಟ್ಟೆ. ಬಿಟ್ಟರು. ಕಂದು ಗಸಿ ಇಳಿಯಿತು. ಬುಟ್ಟಿಯ ಮೇಲಿದ್ದ ಮುದುಕಿಯೊಬ್ಬಳು ಹೇಳಿದಳು: "ಸಾವಕಾರ್ರು ತಾವು ಕುಡಿಯೋದು ಉಸಿರಿದ್ದ ನೀರೇ ನೋಡ್ರಿ." ಹೆಂಗಸರ ಸಾಲು ನಕ್ಕಿತು. ನಗು ನಿಂತ ಮೇಲೆ ಅದೇ ಮುದುಕಿ ಮತ್ತೆ ಶುರು ಮಾಡಿದಳು. ಸಂತೆಯಲ್ಲಿ ಗಿರಾಕಿಗಳು ಈ ಕೆರೆಯ ಮೀನೆಂದರೆ ಬುಟ್ಟಿಗೆ ಬಾಗುವುದನ್ನೇ ಬಿಟ್ಟಿದ್ದಾರೆ, ಕೋಳಿ ಕರುಳು ತಿಂದ ಮೀನು ಎನ್ನುತ್ತಾರೆ, ಎಂದಳು. ಟೆಂಪೋದ ಮಾತು ಅವಳ ಪಕ್ಕದವಳ ಬಾಯಿಂದ ಬಂತು. ಆಮೇಲೆ ಯಾರ ಬಾಯಿಂದ ಏನು ಬಂತೆಂದು ಬಿಡಿಸಿ ಹೇಳಲು ಆಗದು. ಅಧಿಕಾರಿ ಚಹಾದ ಲೋಟ ಕೆಳಗಿಟ್ಟರು. ಭೂಗೋಳದ ಸರ್ ಎದ್ದು ಹೋಗಿ ಮರದ ಮೇಲಿನ ನಕ್ಷೆಯನ್ನು ಕೆಳಗಿಳಿಸಿ ಸುತ್ತಿದರು.

"ಹಾಂಗಾರ ಮರಿ ಎಲ್ಲವ ಅಕ್ಕೋರ?" ಅಧ್ಯಕ್ಷರು ಕೇಳಿದರು. ಆಗಲೂ ಅವರ ದನಿ ಮೆತ್ತಗೇ ಇತ್ತು. "ಒಂದ ಜಾಗಾ ಬಂದ್ ಮಾಡಲಿಕ್ಕೇ ಬೇಕು. ಯಾರದು ಮಾಡ್ತೀರಿ? ಹೇಳ್ರಿ ಎಲ್ಲರ ಮುಂದ."

ನಾನು ಬಾಯಿ ತೆರೆದೆ. ಹೇಳಲೇಬೇಕಿತ್ತು, ಹುಣಸೆ ದಿಬ್ಬದ ಸೀಸೆಯ ಬಿರಡೆ ಒತ್ತುತ್ತ ನಿಂತೆ.

"ಹುಣಸಿ ದಿಬ್ಬ," ಎಂದಳು ದೋಣಿಯಾಕೆ. ಬುಟ್ಟಿಯ ಮೇಲಿಂದ ಏಳಲೂ ಇಲ್ಲ. "ನನ್ನ ಜಾಗಾ ಅದು. ಮರಿ ಅಲ್ಲೇ ಅವ. ಮಳಿಗಾಲಕ್ಕ ನನ್ನ ಜಾಲ ಎತ್ತತೇನಿ. ಕಲ್ಲ ದಿಬ್ಬ ಸಾಫ್ ಮಾಡಸ್ರಿ, ಆಮ್ಯಾಲ ಅಲ್ಲಿ ಹಾಕ್ತೇನಿ."

ಹೊಸ ನಕ್ಷೆಯಲ್ಲಿ ಕಲ್ಲು ದಿಬ್ಬದ ಸುತ್ತ ಬಣ್ಣವಿಲ್ಲ. ಖಾಲಿ ಬಿಟ್ಟಿದ್ದೇವೆ, ಸರ್ ತಾವಾಗಿಯೇ ಹಾಗೆ ಮಾಡಿದರು. ಇಲಾಖೆಯವರು ಬಂದು ಬೇಲಿ ಕೀಳಿಸಿದರು. ಮಾಂಗೂರಗಳನ್ನು ಹಿಡಿದು ಗುಂಡಿ ತೋಡಿ ಹೂಳಿದರು. ಹೂಳಿದವರು ಹೆಂಗಸರೇ, ನಾನೂ ಬುಟ್ಟಿ ಹೊತ್ತೆ. ತಪ್ಪಿಸಿಕೊಂಡವು ಕೆರೆಯಲ್ಲಿ ಎಷ್ಟಿವೆಯೋ, ಯಾವ ಯಂತ್ರವೂ ಹೇಳುವುದಿಲ್ಲ. ಅಧ್ಯಕ್ಷರು ಈಗಲೂ ಅಧ್ಯಕ್ಷರೇ. ಮಳೆ ಹಿಡಿದ ದಿನ ದೋಣಿಯಾಕೆ ಹುಣಸೆ ದಿಬ್ಬದಿಂದ ಬಲೆ ಎತ್ತಿದಳು. ಕಲ್ಲು ದಿಬ್ಬದ ನೀರು ಇನ್ನೂ ಬಿಳಿಯೇ ಬರುತ್ತದೆ. ಅವಳು ಸದ್ಯಕ್ಕೆ ಸೋಯಾ ಕಳೆ ತೆಗೆಯಲು ಕೂಲಿಗೆ ಹೋಗುತ್ತಿದ್ದಾಳೆ. ಸಂತೆಯಲ್ಲಿ ಸಿಕ್ಕಾಗ, "ಸೀಸೆ ಕಂದು ಆತೇನ್ರಿ ಅಕ್ಕೋರ?" ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಎನ್ನುತ್ತೇನೆ.

ಮೊನ್ನೆ ಬಸವಕಲ್ಯಾಣದ ಬಸ್ಸಿನಲ್ಲಿದ್ದೆ. ಟಾರ್ಪಾಲು ಮುಚ್ಚಿದ ಟೆಂಪೋ ಒಂದು ನಮ್ಮನ್ನು ಹಿಂದೆ ಹಾಕಿತು, ಕೆಳಗಿನಿಂದ ಏನೋ ಸೋರುತ್ತಿತ್ತು. ಬಸ್ಸಿನಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು.

"ಮೀನಿನ ಗಾಡಿ ಕಾಣ್ತದ," ಎಂದಳು ಪಕ್ಕದಾಕೆ, ಸೆರಗಿನೊಳಗಿಂದ. ಕೊರಳಲ್ಲಿ ಲಿಂಗದ ಕರಡಿಗೆ, ನಮ್ಮವರೇ.

"ಮೀನ ಹಾಂಗ ನಾರಂಗಿಲ್ರಿ," ಎಂದೆ.

"ನಿಮಗ್ಹ್ಯಾಂಗ ಗೊತ್ರಿ? ತಿಂತೀರೇನು ನೀವು?"

"ಇಲ್ಲ," ಎಂದು, ಗಾಡಿ ಯಾವ ಕಡೆ ತಿರುಗುತ್ತದೆಂದು ನೋಡಲು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.